ಎಲ್ಲ ಹಿಮಕ್ಕೂ ಒಂದೇ ಜೋಡಿ

ಮ್ಯೋಕೊ
ಫೆಬ್ರವರಿ ೧೯

ಇಸಾಮು ಸಾನ್ ಅವರಿಗೆ ಚಿಗುಸಾಳ ನಮಸ್ಕಾರಗಳು.

ನೀವು ಕುಚ್ಚಾನ್‌ನಿಂದ ಕಳಿಸಿದ ಆಲೂಗಡ್ಡೆ ಪೆಟ್ಟಿಗೆ ಬಂದು ಸೇರಿತು. ಒಂದೂ ಕೆಟ್ಟಿರಲಿಲ್ಲ. ತಳದಲ್ಲಿ ಹಾಸಿದ್ದ ಹಳೆಯ ಪತ್ರಿಕೆಯನ್ನೂ ಅತ್ತೆ ಬಿಡಿಸಿ ಕೊಡವಿ ನೋಡಿದರು, ನಡುವೆ ಎಲ್ಲಾದರೂ ನಿಮ್ಮ ಕೈಬರಹದ ಚೀಟಿ ಸಿಕ್ಕಿಕೊಂಡಿದೆಯೇನೋ ಎಂದು. ಏನೂ ಸಿಗಲಿಲ್ಲ. “ನನ್ನ ಮಗ ಆಲೂಗಡ್ಡೆಯಲ್ಲೇ ಮಾತಾಡ್ತಾನೆ ಕಣೇ, ನಿನಗೆ ಅರ್ಥ ಆದ್ರೆ ನನಗೂ ಹೇಳು” ಎಂದರು. ಆ ರಾತ್ರಿ ಮಿಸೋ ಹಾಕಿ ಬೇಯಿಸಿದೆವು. ಅತ್ತೆ ಎರಡು ಸಲ ಬಡಿಸಿಕೊಂಡರು.

ಒಂದು ಸುದ್ದಿ ಹೇಳಬೇಕಿತ್ತು, ಅದಕ್ಕೇ ಈ ಕಾಗದ. ನಾನು ಸ್ಕೀ ಕೊಂಡುಕೊಂಡೆ.

ಗಾಬರಿಯಾಗಬೇಡಿ. ಡಾಕ್ಟರು ಹೊಸ ವರ್ಷಕ್ಕೆ ಮುಂಚೆಯೇ ಒಪ್ಪಿಗೆ ಕೊಟ್ಟಿದ್ದಾರೆ. ಮಂಡಿ ಮಡಚುತ್ತದೆ, ಭಾರ ತಡೆಯುತ್ತದೆ. ಶಾಲೆಯ ಅಡುಗೆಮನೆಯಲ್ಲಿ ಸಾರಿನ ದೊಡ್ಡ ಪಾತ್ರೆಯನ್ನು ಈಗ ನಾನೇ ಇಳಿಸುತ್ತೇನೆ. ನಿಮಗೆ ಮೊದಲೇ ಹೇಳಲಿಲ್ಲ, ಅಷ್ಟೆ. ನೀವು ಫೋನಿನಲ್ಲಿ ಅತ್ತೆಯನ್ನು ಕೇಳುವುದು “ಅವಳ ಮಂಡಿ ಹೇಗಿದೆ?” ಎಂದು. “ಅವಳು ಹೇಗಿದ್ದಾಳೆ?” ಎಂದು ಕೇಳಿದ್ದರೆ ಅತ್ತೆ ಎಲ್ಲವನ್ನೂ ಹೇಳುತ್ತಿದ್ದರೋ ಏನೋ.

ಮದುವೆಯಾದ ಮೇಲೆ ನನ್ನ ಸ್ಕೀ ಹಲಗೆಗಳನ್ನೆಲ್ಲ ಆರಿಸಿದವರು ನೀವೇ. ಗೋಡೆಗೆ ಒರಗಿಸಿ, ನಡುವೆ ಅಂಗೈ ಒತ್ತಿ ಎಷ್ಟು ಬಾಗುತ್ತದೆಂದು ನೋಡಿ, “ಇದು ನಿನಗೆ” ಎನ್ನುತ್ತಿದ್ದಿರಿ. ಅಗಲ, ಉದ್ದ, ಗಡಸು, ಇವೆಲ್ಲ ನಿಮ್ಮ ಮಾತು. ಜಾರುವುದು ಮಾತ್ರ ನನ್ನ ಕೆಲಸ. ಹಾಗಾಗಿ ಸ್ಟೇಷನ್ ರಸ್ತೆಯ ಕುರೊಯಿವಾ ಅಂಗಡಿಯಲ್ಲಿ ಒಬ್ಬಳೇ ಹೋಗಿ ನಿಂತಾಗ ಯಾವ ಹಲಗೆಯನ್ನು ಮೊದಲು ಮುಟ್ಟಬೇಕೆಂದೇ ತಿಳಿಯಲಿಲ್ಲ.

ಕುರೊಯಿವಾ ತಾತ ನನ್ನನ್ನು ಕಂಡವರೇ ಒಂದು ಜೋಡಿ ಎತ್ತಿ ಮುಂದಿಟ್ಟರು. ಕಿರಿದು, ಮೆತ್ತಗಿನದು, ಮೈಮೇಲೆ ಗುಲಾಬಿ ಹೂವು.

“ಮಂಡಿ ಪೆಟ್ಟಾದ ಹೆಂಗಸರಿಗೆ ಇದೇ ಸರಿ ಕಣಮ್ಮ. ಬೆಳಿಗ್ಗೆ ಯಂತ್ರ ಓಡಿಸಿ ಸಮ ಮಾಡಿರ್ತಾರಲ್ಲ, ಆ ದಾರೀಲಿ ನಿಧಾನಕ್ಕೆ ಇಳಿ. ಹನ್ನೊಂದಕ್ಕೆ ಮನೆಗೆ ಬಂದು ಟೀ ಕುಡಿ.”

“ಹನ್ನೊಂದರ ಮೇಲೆ ಬೆಟ್ಟ ಇರಲ್ವಾ ತಾತ?”

“ಇರುತ್ತೆ. ಆಮೇಲೆ ಬಿಸಿಲಿಗೆ ಹಿಮ ಕರಗಿ ಗಂಜಿ ಆಗುತ್ತೆ.”

“ಗಂಜೀಲೂ ಹೋಗೋದು ಬೇಕು. ಬೆಳಗಿನ ಗಟ್ಟಿ ಹಿಮದಲ್ಲೂ ಹಿಡೀಬೇಕು. ಆಳವಾದ ಒಣ ಹಿಮ ಬಿದ್ರೆ ಅದ್ರಲ್ಲೂ ಮುಳುಗಬಾರ್ದು.”

ತಾತ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. “ಒಣ ಹಿಮ? ನಮ್ಮೂರಲ್ಲಿ ಸಮುದ್ರದ ಗಾಳಿಗೆ ಬೀಳೋದೆಲ್ಲ ಒದ್ದೆ ಹತ್ತಿ. ಒಣ ಹಿಮ ಎಲ್ಲಿ ಕಂಡೆ ತಾಯಿ?”

ನಾನು ಹೂವಿನ ಜೋಡಿಯನ್ನು ಪಕ್ಕಕ್ಕೆ ಸರಿಸಿದೆ. ತಾತ ಗಲ್ಲ ಕೆರೆದುಕೊಂಡು ನಕ್ಕರು. “ಎಲ್ಲಾ ಹಿಮಕ್ಕೂ ಒಂದೇ ಜೋಡಿ ಬೇಕು ಅನ್ನೋರಿಗೆ ಯಾವುದ್ರಲ್ಲೂ ಪೂರ್ತಿ ಖುಷಿ ಸಿಗಲ್ಲಮ್ಮ, ನಾನು ಹೇಳಿಲ್ಲ ಅನ್ಬೇಡ” ಎನ್ನುತ್ತಲೇ ಮೂರು ಜೋಡಿ ಎರವಲು ಕೊಟ್ಟರು. “ಒಂದು ದಿನ ಓಡಿಸಿ ನೋಡು. ಬಿದ್ರೆ ನಿನ್ನ ಗಂಡನಿಗೆ ನನ್ನ ಹೆಸರು ಹೇಳ್ಬೇಡ.”

ಕಳೆದ ಭಾನುವಾರ ಹೋದೆ. ಬೆಟ್ಟ ಹತ್ತಿಸುವ ಲಿಫ್ಟಿನ ಕುರ್ಚಿಯಲ್ಲಿ ಕುಳಿತಾಗ ಪಕ್ಕದ ಜಾಗ ಖಾಲಿಯಿತ್ತು. ಅಭ್ಯಾಸಬಲದಿಂದ ಒಂದು ಅಂಚಿಗೆ ಸರಿದೇ ಕುಳಿತಿದ್ದೆ.

ಮೊದಲು ಆ ಹೂವಿನ ಜೋಡಿ. ಹಿಂದಿನ ದಿನ ಮಳೆ ಬಂದು, ಇರುಳಲ್ಲಿ ಹೆಪ್ಪುಗಟ್ಟಿ, ಬೆಳಗಿನ ದಾರಿ ಗಾಜಿನಂತಿತ್ತು. ಕಿರಿದಾದ ಹಲಗೆ ಅಂಚು ಕಚ್ಚಿಕೊಂಡು ಸರಸರನೆ ತಿರುಗಿತು. ಇದನ್ನೇ ಕೊಳ್ಳಬಹುದು ಅನ್ನಿಸಿತು. ಆದರೆ ಬಿಸಿಲೇರಿ ದಾರಿ ಮೆತ್ತಗಾಗುತ್ತಿದ್ದಂತೆ ಅದರ ಮೂತಿ ಹಿಮದೊಳಗೆ ನುಗ್ಗತೊಡಗಿತು, ಒಂದೊಂದು ತಿರುವಿಗೂ ಕಾಲನ್ನು ಕೆಸರಿನಿಂದ ಕಿತ್ತಂತೆ ಕೀಳಬೇಕಾಯಿತು. ಎರಡನೆಯದು ತೀರಾ ಅಗಲ. ಗಂಜಿಯ ಮೇಲೆ ದೋಣಿಯ ಹಾಗೆ ತೇಲಿತು, ನಿಜ. ಆದರೆ ನೆರಳಿನ ಬದಿಯಲ್ಲಿ ಇನ್ನೂ ಗಟ್ಟಿಯಿದ್ದ ಕಡೆ ಅದರ ಅಂಚು ಊರಿ ತಿರುಗಿಸುವಷ್ಟರಲ್ಲಿ ಮಂಡಿ ಒಳಗಿನಿಂದ ಚುಚ್ಚಿತು. ಮಧ್ಯಾಹ್ನ ಬಿಸಿ ಉದೋನ್ ಶಾವಿಗೆ ತಿಂದು, ಮಂಡಿ ಉಜ್ಜಿಕೊಂಡೆ. ಆಮೇಲೆ ಮೂರನೆಯದನ್ನು ಹಾಕಿಕೊಂಡೆ. ಮೂತಿ ತುಸು ಮೇಲೆದ್ದದ್ದು, ಕಾಲಡಿಯಲ್ಲಿ ಹಿತವಾದ ಕಮಾನು, ನಿಲ್ಲಿಸಿದರೆ ನನ್ನ ಮೂಗಿನವರೆಗೆ. ಅಗಲ ಆ ಎರಡರ ನಡುವಿನದು. ಗಟ್ಟಿಯಲ್ಲಿ ಮೊದಲನೆಯದರಷ್ಟು ಚುರುಕಿಲ್ಲ, ಗಂಜಿಯಲ್ಲಿ ಎರಡನೆಯದರಷ್ಟು ತೇಲುವುದಿಲ್ಲ. ಆದರೂ ಎರಡೂ ಕಡೆ, ಮುಂದೇನು ಮಾಡುತ್ತದೆಂದು ನನಗೆ ಮೊದಲೇ ತಿಳಿಯುತ್ತಿತ್ತು.

ಅದನ್ನು ಹಾಕಿಕೊಂಡೇ ಮೇಲಿನ ಬೂನಾ ಮರಗಳ ಇಳಿಜಾರಿಗೆ ಹೋದೆ. ಹೌದು, ಅಲ್ಲಿಗೇ.

ನಾನು ಬಿದ್ದ ಆ ದಿನದ ಬಗ್ಗೆ ನಾವಿಬ್ಬರೂ ಒಂದು ಸಲವೂ ಸರಿಯಾಗಿ ಮಾತಾಡಲೇ ಇಲ್ಲ, ಇಸಾಮು ಸಾನ್. ಮೇಲೆ ಹೊಸ ಹಿಮವಿತ್ತು. ಮರಗಳು ಮುಗಿಯುವಲ್ಲಿ ಮೇಲ್ಪದರ ರೊಟ್ಟಿಯಂತೆ ಗಟ್ಟಿಯಾಗಿತ್ತು. ಒಂದು ಹಲಗೆ ಆ ಪದರದ ಕೆಳಗೆ ಹೊಕ್ಕಿತು, ಬೂಟು ಹಲಗೆಯಿಂದ ಕಳಚಿಕೊಳ್ಳಲಿಲ್ಲ, ಮಂಡಿ ತಿರುಚಿತು. ಅಷ್ಟೇ ನಡೆದದ್ದು. ನೀವೇ ಬೆಟ್ಟದ ಕಾವಲು ತಂಡದ ಜಾರುಬಂಡಿ ಎಳೆದು ನನ್ನನ್ನು ಕೆಳಗಿಳಿಸಿದಿರಿ. ಆಸ್ಪತ್ರೆಯಲ್ಲಿ ನಾನು ಕಣ್ಣು ಬಿಟ್ಟಾಗ ನೀವು ಹೇಳಿದ್ದು ಒಂದೇ ಮಾತು: “ಆ ಹಲಗೆ ಆರಿಸಿದ್ದು ನಾನು.” ಅದಾದ ಮೇಲೆ ವಸಂತವೆಲ್ಲ ನನಗೆ ಅನ್ನ ಮಾಡಿ ಹಾಕಿದಿರಿ, ಸ್ನಾನಕ್ಕೆ ಹೆಗಲು ಕೊಟ್ಟಿರಿ. ಆ ಮಾತಿನಿಂದ ಮಾತ್ರ ಹೊರಗೆ ಬರಲಿಲ್ಲ. ಕುಚ್ಚಾನ್‌ನಲ್ಲಿ ಹಿಮಬೆಟ್ಟದ ಕಾವಲು ಕೆಲಸ ಸಿಕ್ಕಿದೆ, ಹೋಗಲಾ ಎಂದು ಕೇಳಿದಿರಿ. ಹೋಗಿ ಎಂದೆ. ಬೇಡ ಎನ್ನಲಿ ಎಂದು ಕೇಳಿದಿರೋ, ಹೋಗು ಎನ್ನಲಿ ಎಂದು ಕೇಳಿದಿರೋ, ನಿಮ್ಮ ಬೆನ್ನು ನೋಡಿ ತಿಳಿದುಕೊಳ್ಳುವುದು ನನ್ನಿಂದ ಆಗಲಿಲ್ಲ.

ನಾನು ಬಿದ್ದೆ, ನೋವಾಯಿತು, ಅದು ನಿಜ. ಆದರೆ ಬೀಳುವ ಮುಂಚೆ, ನೀವು ಆರಿಸಿಕೊಟ್ಟ ಆ ಹಲಗೆಗಳ ಮೇಲೆ ಆ ಮರಗಳ ನಡುವೆ ನಾನು ಎಷ್ಟು ಸಂತೋಷವಾಗಿದ್ದೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಜಾರಿದ್ದೇ ಇಲ್ಲ. ಹಿಂದೆ ನೀವು ಬರುತ್ತಿದ್ದ ಸದ್ದು ಕೇಳುತ್ತಿತ್ತು. ಹಾಡಬೇಕು ಅನ್ನಿಸಿತ್ತು.

ಈ ಸಲ ಆ ಜಾಗ ಬಂತು. ನಿಂತೆ. ಹಿಂದಿನಿಂದ ಯಾವ ಸದ್ದೂ ಇಲ್ಲ. ಕೋಲಿನಿಂದ ಚುಚ್ಚಿ ನೋಡಿದೆ, ಪದರ ಅಲ್ಲಲ್ಲಿ ಗಟ್ಟಿ, ಅಲ್ಲಲ್ಲಿ ಪುಡಿ. ಅಡ್ಡಡ್ಡವಾಗಿ, ಮುದುಕಿಯ ಹಾಗೆ, ಒಂದೊಂದೇ ತಿರುವು ಹಾಕುತ್ತ ಇಳಿದೆ. ಚಂದವಾಗಿರಲಿಲ್ಲ. ಒಂದು ಕಡೆ ಕೂತೇಬಿಟ್ಟೆ. ಆದರೆ ಕೆಳಗೆ ತಲುಪಿದೆ. ತಲುಪಿದ ಮೇಲೆ, ಯಾರೂ ಇಲ್ಲದ್ದು ನೋಡಿ ಜೋರಾಗಿ ಅತ್ತುಬಿಟ್ಟೆ. ಹೆದರಿಕೆಯಿಂದಲ್ಲ. ಹೇಳಿಕೊಳ್ಳಲು ನೀವಿರಲಿಲ್ಲ ಎಂದು.

ಮೂರನೆಯ ಜೋಡಿಯನ್ನೇ ಕೊಂಡೆ. ತಾತ ಬೂಟಿನ ಹಿಡಿತವನ್ನು ಸಡಿಲಗೊಳಿಸಿ ಕೊಟ್ಟರು, ಕಾಲು ತಿರುಚಿದರೆ ತಟ್ಟನೆ ಬಿಟ್ಟುಕೊಳ್ಳುವಂತೆ. ಮನೆಗೆ ತಂದಾಗ ಅತ್ತೆ ಕೊತಾತ್ಸು ಮೇಜಿನ ಬೆಚ್ಚಗಿನ ಹೊದಿಕೆಯಿಂದ ಏಳದೆಯೇ ಕೇಳಿದರು, “ಯಾರು ಆರಿಸಿದ್ದು?”

“ನಾನೇ.”

“ಹಾಗಾದ್ರೆ ಬಿದ್ರೆ ನಿನ್ನನ್ನೇ ಬೈಕೋಬಹುದು. ಅದೊಂದು ಆರಾಮು” ಎಂದು ಕಿತ್ತಳೆ ಸುಲಿದು ಕೈಗಿಟ್ಟರು.

ನಿಮ್ಮಲ್ಲಿ ಹಿಮ ಕೈಯಲ್ಲಿ ಹಿಡಿದು ಊದಿದರೆ ಹಿಟ್ಟಿನ ಹಾಗೆ ಹಾರಿಹೋಗುತ್ತದಂತೆ. ನೀವು ಹಾಗೆ ಹೇಳಿದ್ದನ್ನು ಅತ್ತೆ ನನಗೆ ಹೇಳಿದರು. ನಾನು ಪಾತ್ರೆ ತೊಳೆಯುತ್ತ ಕೇಳಿಸದವಳಂತೆ ನಿಂತಿದ್ದೆ. ಅಂಥ ಹಿಮದಲ್ಲಿ ನೀವು ಬೆಳಿಗ್ಗೆ ಹಲಗೆಯಿಂದ ಮೊದಲ ಗೆರೆ ಎಳೆಯುತ್ತೀರಲ್ಲ, ಎರಡನೆಯ ಗೆರೆ ಯಾರದು ಎಂದು ಕೆಲವು ದಿನ ಯೋಚಿಸುತ್ತೇನೆ. ಯಾರದೂ ಅಲ್ಲದಿರಲಿ ಎಂದೂ ಯೋಚಿಸುತ್ತೇನೆ.

ಕೈಗವಸು ಒಣಗಿಸಿಯೇ ಹಾಕಿಕೊಳ್ಳಿ. ಹಿಮಕುಸಿತದ ಎಚ್ಚರಿಕೆ ಇರುವ ದಿನ ಒಬ್ಬರೇ ಮೇಲೆ ಹೋಗಬೇಡಿ. ಇಲ್ಲಿ ಎಲ್ಲರೂ ಕ್ಷೇಮ.

ನಿಮ್ಮ ಹೆಂಡತಿ,
ಚಿಗುಸಾ

ಮರೆತ ಮಾತು: ಮೇಲಿನದನ್ನು ಬರೆದದ್ದು ಮನೆಯಲ್ಲಿ. ಇದನ್ನು ಬರೆಯುತ್ತಿರುವುದು ಹಡಗಿನಲ್ಲಿ, ಅಕ್ಷರ ಅಲುಗಾಡಿದ್ದಕ್ಕೆ ಅದೇ ಕಾರಣ. ಲಕೋಟೆಯ ಮೇಲೆ ನಿಮ್ಮೂರಿಗೆ ಹತ್ತಿರದ ಬಂದರು ಒತಾರುವಿನ ಅಂಚೆ ಮುದ್ರೆ ಇರುತ್ತದೆ. ಅಂಚೆಯವನಿಗಿಂತ ನಾನೇ ಮೊದಲು ನಿಮ್ಮ ಬಾಗಿಲಿಗೆ ಬಂದರೆ, ದಯವಿಟ್ಟು ಮಂಡಿಯನ್ನಲ್ಲ, ಮೊದಲು ನನ್ನ ಮುಖ ನೋಡಿ.