ಬೆರಣಿ ಗೋಡೆಯ ಮೇಲೆ ಸಿನಿಮಾ

ಬಾಗಲಗುಂಟೆ
೧೪–೨–೧೯೮೨, ಭಾನುವಾರ

ಪ್ರೀತಿಯ ಮಗ ಶ್ಯಾಮಣ್ಣನಿಗೆ,

ಹೇಗಿದ್ದೀಯಪ್ಪಾ? ನಾಗಪುರದಲ್ಲಿ ಈಗಲೇ ಬಿಸಿಲು ಶುರುವಾಗಿದೆ ಅಂತ ಬರೆದಿದ್ದೆ. ಕುಡಿಯಲು ಮಜ್ಜಿಗೆಯಾದರೂ ಸಿಗುತ್ತದೋ ಇಲ್ಲವೋ? ಮುದ್ದೆ ಇಲ್ಲದೆ ಹೊಟ್ಟೆ ಕೆಟ್ಟಿದೆ ಅಂದಿದ್ದೆಯಲ್ಲ, ವಾಸಿಯಾಯಿತೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಹೆಂಡತಿ ಭಾಗ್ಯಮ್ಮನಿಗೆ ಐದು ತಿಂಗಳು ತುಂಬಿತು. ಕದ್ದು ಹುಣಸೆಕಾಯಿ ತಿಂದು ನಿಮ್ಮ ಅಮ್ಮನ ಹತ್ತಿರ ಬೈಸಿಕೊಳ್ಳುತ್ತಾಳೆ. ಹೋದ ಕಾಗದದ ಜೊತೆ ನಿನ್ನ ಸಹಿಗೆ ಅಂತ ಫ್ಯಾಕ್ಟರಿಯವರು ಕೊಟ್ಟ ಕ್ಷಮಾಪಣೆ ಪತ್ರ ಕಳಿಸಿದ್ದೆ, ಸಿಕ್ಕಿರಬೇಕು. ಯೂನಿಯನ್ ಕಟ್ಟಿದ್ದು ತಪ್ಪಾಯಿತು, ಇನ್ನು ಅದರ ಹತ್ತಿರ ಸುಳಿಯುವುದಿಲ್ಲ ಅಂತ ಈ ತಿಂಗಳೊಳಗೆ ನೀನು ಸಹಿ ಹಾಕಿದರೆ ವರ್ಗ ರದ್ದು ಮಾಡಿ ಮತ್ತೆ ಪೀಣ್ಯಕ್ಕೆ ಕರೆಸುತ್ತಾರೆ, ಹೆರಿಗೆ ಹೊತ್ತಿಗೆ ಮನೆಯಲ್ಲಿರುತ್ತೀಯ ಅಂತ ನಾನೇ ಒತ್ತಿ ಒತ್ತಿ ಬರೆದಿದ್ದೆ. ಅದಿರಲಿ, ಮೊದಲು ನಿನ್ನೆಯ ಸಮಾಚಾರ ಕೇಳು.

ನಮ್ಮ ವಠಾರದಲ್ಲಿ ಬಾಡಿಗೆಗಿರುವ ನಿನ್ನ ಸ್ನೇಹಿತ ದ್ವಾರಕಾನಾಥ ಹೋದ ವಾರ ಬಂದು, ಯೂನಿಯನ್ನಿನವರು ಸಿನಿಮಾ ತೋರಿಸುತ್ತಾರೆ, ಹಿತ್ತಲಿನ ಗೋಡೆ ಕೊಡಿ ಅಂದ. ಯೂನಿಯನ್ ಅಂದರೆ ನನಗೆ ಮೈ ಉರಿಯುತ್ತದೆ ಅಂತ ಅವನಿಗೂ ಗೊತ್ತು. ಆದರೆ ಊರಿನವರಿಗೆಲ್ಲ ಪುಕ್ಕಟೆ ಸಿನಿಮಾ ಅಂದಮೇಲೆ ಹೇಗಪ್ಪಾ ಬೇಡ ಅನ್ನಲಿ? ಬೆರಣಿ ಎಲ್ಲ ಕಿತ್ತು ಸುಣ್ಣ ಬಳಿದರು. ನಿಮ್ಮ ಅಮ್ಮ ಯಾವುದೋ ದೇವರ ಚಿತ್ರ ಅಂದುಕೊಂಡು ಗೋಡೆಗೆ ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ತೆಂಗಿನಕಾಯಿ ಒಡೆದಳು. ದ್ವಾರಕಾನಾಥ ನಗು ತಡೆಯಲಾರದೆ ಆಚೆ ತಿರುಗಿಕೊಂಡ. ಮೊದಲ ಚಿತ್ರ ಬಿದ್ದಾಗ ನೋಡಿದರೆ ದೇವರೂ ಇಲ್ಲ, ಕಿರೀಟವೂ ಇಲ್ಲ. ಬಟ್ಟೆ ಗಿರಣಿ, ಹೊಗೆ, ಗೇಟು. ಸುಣ್ಣದಡಿಯಿಂದ ಬೆರಣಿಯ ಗುರುತು ಎದ್ದು ಬಂದು, ನಾಯಕನ ಕೆನ್ನೆ ಮೇಲೆ ನಿಮ್ಮ ಅಮ್ಮನ ಐದು ಬೆರಳೂ ಕಾಣುತ್ತಿದ್ದವು.

ಭಾಷೆ ಬಂಗಾಳಿಯಂತೆ. ದ್ವಾರಕಾನಾಥ ಮೈಕಿನಲ್ಲಿ ಕನ್ನಡ ಮಾಡಿ ಹೇಳುತ್ತಿದ್ದ. ಗಿರಣಿಯ ಹುಡುಗನೊಬ್ಬ ಜನ ಸೇರಿಸಿ, ಮಾಲೀಕನ ಕಾರಿಗೆ ಅಡ್ಡ ನಿಂತು, ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವನಿಗೆ ಪರಿಹಾರ ಕೊಡದೆ ನಾವ್ಯಾರೂ ಒಳಗೆ ಬರುವುದಿಲ್ಲ ಅನ್ನುತ್ತಾನೆ. ನೋಡುತ್ತಾ ನೋಡುತ್ತಾ ನನಗೆ ನಿನ್ನದೇ ನೆನಪು. ಫ್ಯಾಕ್ಟರಿಯ ಪ್ರೆಸ್ ಮೆಷಿನ್ನಿನಲ್ಲಿ ಬೆರಳು ಕಳೆದುಕೊಂಡ ಗೋಪಾಲಪ್ಪನಿಗೋಸ್ಕರ ನೀನು ಗೇಟಿನಲ್ಲಿ ನಿಂತಾಗ ನಾನು ಏನೇನು ಬೈದಿದ್ದೆ! ಆಮೇಲೆ ಆ ಹುಡುಗನ ಅಪ್ಪ ಬಂದ. ಚಪ್ಪಲಿ ಆಚೆ ಬಿಟ್ಟು, ತಲೆಯ ವಸ್ತ್ರ ಕೈಯಲ್ಲಿ ಹಿಡಿದು, ಮಾಲೀಕನ ಮುಂದೆ ಬಗ್ಗಿ ಒಂದು ಕಾಗದ ಇಸಿದುಕೊಂಡ. ಮಗನ ಕೈ ಹಿಡಿದು ಸಹಿ ಹಾಕು ಅಂತ ಅಂಗಲಾಚಿದ. ನೆರೆದಿದ್ದ ಜನವೆಲ್ಲ ಉಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಪಕ್ಕದಲ್ಲೇ ಕೂತಿದ್ದ ನಿಮ್ಮ ಅಮ್ಮ: "ಥೂ ನಿನ್ ಮಕಕ್ಕೆ! ಮಗನ್ ಮರ್ವಾದೆ ಮಾರಕ್ ಬಂದವ್ನೆ, ಓಗೋ ಮುದ್ಕ!" ಶ್ಯಾಮಣ್ಣ, ನಾನು ಫ್ಯಾಕ್ಟರಿಯ ಪರ್ಸನೆಲ್ ಆಫೀಸರ ಮನೆಗೆ ಹೋಗಿ ಹಾಗೆಯೇ ನಿಂತು ಆ ಪತ್ರ ತಂದದ್ದು ಅವಳಿಗೆ ಗೊತ್ತಿರಲಿಲ್ಲ. ನನಗೆ ಕೂತ ಜಾಗದಲ್ಲಿ ಕೂರಲಾಗಲಿಲ್ಲ. ಆ ಹುಡುಗ ಅಪ್ಪನ ಕೈ ಮೆಲ್ಲಗೆ ಬಿಡಿಸಿಕೊಂಡು, ಅವನ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟು ಹೊರಟುಹೋದ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಜೀಪು ಬಂತು. ಅದೇ ಆಫೀಸರು, ಜೊತೆಗೊಬ್ಬ ಪೊಲೀಸಿನವನು. "ನಿಲ್ಸಿ ಯಜಮಾನ್ರೇ ಇದನ್ನ. ನಿಮ್ಮ ಮಗನ ಕೇಸಿಗೆ ಒಳ್ಳೇದಾಗಲ್ಲ, ಸ್ವಲ್ಪ ಥಿಂಕ್ ಮಾಡಿ" ಅಂದರು. ಜನವೆಲ್ಲ ನನ್ನ ಕಡೆ ತಿರುಗಿದರು. ನಿಮ್ಮ ಅಮ್ಮನ ಹೆಗಲು ಹಿಡಿದುಕೊಂಡು ಎದ್ದು ನಿಂತೆ. "ಗ್ವಾಡೆ ನಂದು, ಜಾಗ ನಂದು, ನಿಲ್ಸಕ್ಕಿಲ್ಲ. ನೀವೂ ಕುಂತ್ಕಳಿ ಸಾರ್, ಇನ್ನೂ ಅರ್ಧ ಐತೆ" ಅಂದೆ. ಹುಡುಗರು ಹಾಕಿದ ಶಿಳ್ಳೆಗೆ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಜೀಪು ಹೊರಟುಹೋಯಿತು. ಒಂದು ಗಳಿಗೆ ಎದ್ದು ನಿಲ್ಲುವುದಕ್ಕೇ ನನಗೆ ಇಷ್ಟು ಕಷ್ಟವಾಯಿತು. ನೀನು ಗೇಟಿನಲ್ಲಿ ಹನ್ನೊಂದು ದಿನ ಹೇಗಪ್ಪಾ ನಿಂತೆ? ನಿನ್ನಂಥ ಮಗ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ನನ್ನ ಪುಣ್ಯ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಬೇಡ. ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ನಲ್ಲಪ್ಪ

ಕಾಗದ ಮಡಿಸುವ ಮುಂಚೆ: ಆ ಪತ್ರಕ್ಕೆ ಸಹಿ ಹಾಕಬೇಡ, ಹರಿದು ಬಿಸಾಕು. ಈಗ ತಾನೇ ಅತ್ತೆ ಸೊಸೆ ಇಬ್ಬರಿಗೂ ಎಲ್ಲ ಹೇಳಿಬಿಟ್ಟೆ. ನಿಮ್ಮ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಭಾಗ್ಯಮ್ಮ ಒಳಗೆ ಹೋಗಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಬಂದು, "ಎರಿಗೆ ನಾನ್ ಮಾಡ್ಕಂತೀನಿ, ಸೈನ್ ಬ್ಯಾಡ ಅಂತ ಬರೀರಿ ಮಾವ" ಅಂದಳು. ಒಂದು ವೇಳೆ ನನ್ನ ಮಾತು ಕೇಳಿ ನೀನು ಆಗಲೇ ಸಹಿ ಹಾಕಿ ಕಳಿಸಿಬಿಟ್ಟಿದ್ದರೆ ಕೂಡಲೇ ತಂತಿ ಕೊಡು. ಕೈ ಹಿಡಿದು ಹಾಕಿಸಿದವನು ನಾನು ಅಂತ ಫ್ಯಾಕ್ಟರಿ ಗೇಟಿನಲ್ಲಿ ನಿಂತು ಎಲ್ಲರ ಮುಂದೆ ಹೇಳುತ್ತೇನೆ.