ಕೊಡ ತುಂಬುವ ತನಕ

ಉಸುಕಿನಹಳ್ಳ, ಕೊಪ್ಪಳ ಸೀಮೆ
ಎರಡು ಸಾವಿರದ ನಾನೂರ ಹತ್ತೊಂಬತ್ತನೆಯ ಇಸವಿ, ಎಳ್ಳಮಾವಾಸ್ಯೆ ಕಳೆದ ಮೇಲಿನ ಸೋಮವಾರ

ನಮಗಿಂತ ಮೊದಲು ಈ ನೆಲದಲ್ಲಿದ್ದ ಹಿರಿಯರಿಗೆ ಫಕೀರವ್ವ ಮಾಡುವ ಶರಣು.

ಮೇಲಿನ ಇಸವಿ ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಮಡಿಚಿಡಬೇಡಿ. ನನ್ನ ಭಾಷೆ ವಿಚಿತ್ರವಾಗಿ ಕಂಡರೂ ಕ್ಷಮಿಸಿ. ನೀವು ಬಿಟ್ಟುಹೋದ ಪುಸ್ತಕಗಳನ್ನು ಓದಿ ಕಲಿತ ಕನ್ನಡ ಇದು. ಆ ಪುಸ್ತಕಗಳಲ್ಲಿ ಮಳೆಗೆ ಅದೆಷ್ಟು ಹೆಸರು! ತುಂತುರು, ಸೋನೆ, ಜಡಿ, ಅಡ್ಡಮಳೆ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಹೆಸರು. ಅದನ್ನೂ ಹಬ್ಬದ ಪಾತ್ರೆಯ ಹಾಗೆ ಅಪರೂಪಕ್ಕೆ ಹೊರಗೆ ತೆಗೆಯುತ್ತಿದ್ದೆವು. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆಗೆ ನಾವು ಇಟ್ಟ ಹೆಸರು ಅದು. ಮುಟ್ಟುತ್ತದೆ ಎಂದು ಅಂಚೆಯವರು ಹೇಳುತ್ತಾರೆ. ಈವರೆಗೆ ಯಾರಿಗೂ ಉತ್ತರ ಬಂದಿಲ್ಲ.

ನಮ್ಮ ಬದುಕಿನ ರೀತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಅಜ್ಜಿಯರು ಹುಟ್ಟುವ ಮೊದಲೇ ಇಲ್ಲಿ ಮಳೆ ನಿಂತುಹೋಗಿತ್ತು. ಗುಡ್ಡದ ಮೇಲೆ ದೊಡ್ಡ ಬಲೆ ಕಟ್ಟಿ ನಸುಕಿನ ಗಾಳಿಯಿಂದ ಒಂದಿಷ್ಟು ಹನಿ ಹಿಡಿಯುತ್ತೇವೆ. ಅದು ಗಾಳಿನೀರು, ಕುಡಿಯುವುದಕ್ಕೆ ಮಾತ್ರ. ಉಳಿದದ್ದಕ್ಕೆಲ್ಲ ಹಳ್ಳದ ಉಸುಕು ತೋಡಿ ಒರತೆ ಹುಡುಕಬೇಕು. ಹಾಗಾಗಿ ಊರೂ ಹಳ್ಳದೊಳಗೇ ಇಳಿಯಿತು. ಹಳ್ಳದ ನಡುವೆ ನೆರಳುಕೇರಿ, ಅಂದರೆ ಮೇಲೆ ಬಟ್ಟೆ ಹೊದಿಸಿದ ಬೀದಿ. ಅದರ ಎರಡೂ ಬದಿಗೆ ತಗಡಿನ ಮನೆಗಳು. ಮಕ್ಕಳು ದಾರಿ ತಪ್ಪಿದರೆ ತಗ್ಗು ಹುಡುಕಿಕೊಂಡು ನಡೆಯಿರಿ ಎಂದು ಕಲಿಸುತ್ತಿದ್ದೆವು, ತಗ್ಗಿನಲ್ಲಿ ನೀರಿರುತ್ತದೆ, ನೀರಿದ್ದಲ್ಲಿ ಜನ ಇರುತ್ತಾರೆ. ದಿಬ್ಬ ಹತ್ತುವವರು ಸತ್ತವರನ್ನು ಹೂಳಲು ಹೋಗುವವರು ಮಾತ್ರ.

ನೀವು ನಮಗೆ ಬಿಟ್ಟುಹೋದದ್ದರಲ್ಲಿ ಗುರ್ಜಿ ಆಟ ಒಂದು. ಗುರ್ಜಿ ಎಂಬ ಮಣ್ಣಿನ ಗೊಂಬೆಯನ್ನು ಹಂಚಿನ ಮೇಲಿಟ್ಟು, ತಲೆಯ ಮೇಲೆ ಹೊತ್ತು, ಮನೆಮನೆಗೆ ಹೋಗಿ ಮಳೆ ಕರೆಯುವ ಆಟ. ನಾವು ಅದನ್ನು ಬೆಳೆಸಿ ಮಳೆಪಾಠ ಮಾಡಿಕೊಂಡೆವು. ವರ್ಷಕ್ಕೊಮ್ಮೆ ದೊಡ್ಡವರು ತಗಡಿನ ಮೇಲೆ ಮುಷ್ಟಿ ಮುಷ್ಟಿ ಸಜ್ಜೆ ಎರಚುತ್ತಾರೆ. ಆ ಸದ್ದು ಕೇಳಿದ ಕೂಡಲೇ ಮಕ್ಕಳು ತಮ್ಮ ಕೊಡ ಎತ್ತಿಕೊಂಡು ಹಳ್ಳದ ಎಲ್ಲಕ್ಕಿಂತ ತಗ್ಗಿನ ಜಾಗಕ್ಕೆ ಓಡಿ ನಿಲ್ಲಬೇಕು. ನಿಜವಾದ ಮಳೆ ಬಂದ ದಿನ ಕೊಡ ತುಂಬುವ ತನಕ ಜಾಗ ಬಿಡಬಾರದು. ಪಾಠ ಮುಗಿದ ಮೇಲೆ ಒಂದು ಕಾಳೂ ಬಿಡದೆ ಆರಿಸಿಕೊಳ್ಳುತ್ತೇವೆ. ಪಾಠ ಕಲಿಸುತ್ತಿದ್ದವಳು ತಿಪ್ಪವ್ವ, ಊರಿಗೆಲ್ಲ ಆಯಿ. ಆಕೆಯೂ ಮಳೆ ಕಂಡವಳಲ್ಲ, ತನ್ನ ಅವ್ವನಿಂದ ಕಲಿತದ್ದನ್ನೇ ಕಲಿಸುತ್ತಿದ್ದಳು. ನನ್ನ ಮಗಳು ಹುಲಿಗೆವ್ವ ಪಾಠದಲ್ಲಿ ಯಾವಾಗಲೂ ಮೊದಲು. ಓಟದಲ್ಲೂ ಮೊದಲು, ಹಟದಲ್ಲೂ ಮೊದಲು. ನಾವೆಲ್ಲ ಅವಳನ್ನು ಹುಲಿಗಿ ಎನ್ನುತ್ತಿದ್ದೆವು.

ಹೋದ ವರ್ಷ ಇದೇ ಚಳಿಗಾಲದಲ್ಲಿ, ಮೂಡಣ ದಿಕ್ಕು ಮೋಡ ಕವಿದು ನೀಲಿಗಟ್ಟಿತು. ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. ಮೇಲಿನ ತಗಡು ಸದ್ದು ಮಾಡಿತು. ಹುಲಿಗಿ ತಲೆಯೆತ್ತಿ, "ಯವ್ವಾ, ಯಾರೋ ಸಜ್ಜಿ ಚೆಲ್ಲಾಕತ್ತಾರ ನೋಡು" ಎಂದಳು. ಇನ್ನೂ ಪಾಠದ ದಿನ ಬಂದಿಲ್ಲವಲ್ಲ ಎಂದುಕೊಂಡೆ. ಅಷ್ಟರಲ್ಲಿ ಬಾಗಿಲ ಹೊರಗೆ ಕೈಚಾಚಿದವಳು ಒದ್ದೆ ಅಂಗೈ ನನ್ನ ಕೆನ್ನೆಗೆ ಒತ್ತಿ, "ಖರೇ ಮಳಿ ಬೇ!" ಎಂದು ಕೂಗಿ, ಕೊಡ ಎತ್ತಿಕೊಂಡು ಓಡಿದಳು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹಿಟ್ಟಿನ ಕೈಯಲ್ಲೇ ನಾನೂ ಓಡಿದೆ.

ಊರಿಗೆ ಊರೇ ತಗ್ಗಿನಲ್ಲಿ ನಿಂತಿತ್ತು. ಗಂಡಸರು ಬಾಯಿ ತೆರೆದು ಆಕಾಶ ನೋಡುತ್ತಿದ್ದರು. ನೀರು ಮೊದಲು ಪಾದ ಮುಚ್ಚಿತು, ಆಮೇಲೆ ಕಣಕಾಲು. ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು. ಆಗ ಮೇಲಿನ ತಿರುವಿನಿಂದ ಒಂದು ಸದ್ದು ಬಂತು, ಬಂಡಿಗಟ್ಟಲೆ ಕಲ್ಲು ಸುರಿದ ಹಾಗೆ. ಆ ಸದ್ದಿಗೆ ನಮ್ಮಲ್ಲಿ ಹೆಸರೇ ಇರಲಿಲ್ಲ. ತಿಪ್ಪವ್ವ ಆಯಿ ಕೂಡ ಕಿವಿಗೊಟ್ಟು ನಿಂತು, "ಇನ್ನೂ ದೊಡ್ಡ ಮಳಿ ಬರಾಕತ್ತೈತಿ, ನಿಂದರ್ರಿ" ಎಂದಳು. ಅದು ಮಳೆಯಲ್ಲ, ಎಲ್ಲೋ ದೂರ ಬಿದ್ದ ಮಳೆಯೆಲ್ಲ ಸೇರಿ ಬಂದ ಹಳ್ಳ. ಕೆಂಪು ನೀರು, ಅದರಲ್ಲಿ ಮರದ ಬೊಡ್ಡೆಗಳು. ದೊಡ್ಡವರಲ್ಲಿ ಹೆದರಿದವರು ದಿಬ್ಬಕ್ಕೆ ಓಡಿದರು, ಮಕ್ಕಳು ಕೊಡ ಹಿಡಿದು ತಗ್ಗಿನಲ್ಲೇ ನಿಂತಿದ್ದರು. ನನ್ನ ಗಂಡ ಗವಿಸಿದ್ದ ನನ್ನ ರಟ್ಟೆ ಹಿಡಿದು ಎಳೆದ. ನಾನು ದಿಬ್ಬದಿಂದ ಕೂಗಿದೆ, "ಬಾರವ್ವ ಹುಲಿಗಿ, ಬಿಟ್ಟು ಬಾ!" ಅವಳು ಕೊಡದೊಳಗೆ ಇಣುಕಿ ನೋಡಿ, "ಇನ್ನೂ ತುಂಬಿಲ್ಲವ್ವಾ!" ಎಂದಳು. ನನ್ನ ಮಗಳ ಮಾತು ನಾನು ಕೇಳಿದ್ದು ಅದೇ ಕೊನೆ.

ನೀರು ಇಳಿದ ಮೇಲೆ ಕೆಳಗಿನ ಊರಿನವರು ಮಕ್ಕಳನ್ನು ತಂದುಕೊಟ್ಟರು. ಹುಲಿಗಿಯ ಕೊಡ ಜಾಲಿಯ ಬುಡದಲ್ಲಿ ನೆಟ್ಟಗೆ ಕೂತಿತ್ತು. ಕಂಠದವರೆಗೂ ತುಂಬಿತ್ತು.

ನನಗೆ ಅಳು ಬರಲಿಲ್ಲ. ಇನ್ನೂ ಬಂದಿಲ್ಲ. ಒಣಗಿದ್ದ ಬಾವಿಗಳಲ್ಲಿ ಈಗ ನೀರು ಕೈಗೆಟುಕುತ್ತದೆ. ಜೋಳ ಆಳೆತ್ತರ ಬೆಳೆದಿದೆ, ಎಮ್ಮೆಗಳು ಹಾಲು ಇಳಿಸುತ್ತಿವೆ, ಈ ವರ್ಷ ಮದುವೆಗಳೂ ಆದವು. ಮಳೆ ನಮ್ಮನ್ನು ಬದುಕಿಸಿದೆ, ಸುಳ್ಳು ಹೇಳಬಾರದು. ನಾನೂ ಊಟ ಮಾಡುತ್ತೇನೆ, ಎಷ್ಟು ಬೇಕೋ ಅಷ್ಟು ಸ್ನಾನ ಮಾಡುತ್ತೇನೆ. ತಿಪ್ಪವ್ವ ಆಯಿ ಆ ದಿನದಿಂದ ಮಾತಾಡಿಲ್ಲ. ಅವಳನ್ನು ಚೆನ್ನಾಗಿ ಬೈದು ಬರೋಣ ಎಂದು ಹೋಗುತ್ತೇನೆ, ಅವಳ ತಲೆ ಬಾಚಿ ಬರುತ್ತೇನೆ.

ಈಗ ಮೂಡಣ ಮತ್ತೆ ನೀಲಿಗಟ್ಟುತ್ತಿದೆ. ನಮ್ಮ ಮನೆಗಳು ದಿಬ್ಬ ಹತ್ತಿವೆ, ಉಳಿದ ಮಕ್ಕಳನ್ನು ನಾವು ನೋಡಿಕೊಳ್ಳುತ್ತೇವೆ. ನಾನು ಕೇಳುವುದು ಬೇರೆ.

ಮಳೆಯನ್ನು ಕರೆಯುವುದು ನಿಮಗೆ ಗೊತ್ತಿತ್ತು, ಅದಕ್ಕೆ ಹೆದರಿ ಓಡುವುದೂ ಗೊತ್ತಿತ್ತು. ಮೊದಲನೆಯದು ಮಾತ್ರ ನಮ್ಮ ತನಕ ಬಂತು. ದಯಮಾಡಿ ನಿಮ್ಮ ಮಕ್ಕಳು ಗುರ್ಜಿ ಆಡುವಾಗ ಆಟವನ್ನು ಅಂಗಳದಲ್ಲೇ ಮುಗಿಸಬೇಡಿ. ಕೊನೆಗೆ ಎಲ್ಲರನ್ನೂ ಹತ್ತಿರದ ದಿಬ್ಬಕ್ಕೆ ಓಡಿಸಿ. ಮೊದಲು ಮುಟ್ಟಿದವರಿಗೆ ಒಂದು ಬೆಲ್ಲದ ಚೂರು ಕೊಡಿ. ಯಾಕೆ ಎಂದು ಹೇಳದಿದ್ದರೂ ನಡೆಯುತ್ತದೆ, ಬೆಲ್ಲ ಸಿಗುವ ಆಟವನ್ನು ಮಕ್ಕಳು ಮರೆಯುವುದಿಲ್ಲ. ಕೊಡ ಮಾತ್ರ ಕೆಳಗೇ ಬಿಟ್ಟು ಓಡಬೇಕು, ಅದನ್ನು ಕಟ್ಟುನಿಟ್ಟಾಗಿ ಹೇಳಿ. ನನ್ನ ಮಗಳು ಹೇಳಿದ್ದನ್ನು ತಪ್ಪದೆ ಮಾಡುವವಳು. ಓಟದಲ್ಲಿ ಮೊದಲು ಬರುವವಳು.

ನೀವು ಹಾಗೆ ಮಾಡಿದರೆ ಈ ಕಾಗದ ಬರೆಯುವ ಅಗತ್ಯವೇ ನನಗೆ ಬಿದ್ದಿರುವುದಿಲ್ಲ. ಆ ಮಧ್ಯಾಹ್ನ ಅವಳು ದಿಬ್ಬದ ಮೇಲೆ ನಿಂತು ನಮ್ಮನ್ನೆಲ್ಲ ಕರೆದಿರುತ್ತಾಳೆ. ಜಾಲಿಯ ಬುಡದಿಂದ ತಂದ ಆ ಕೊಡವೂ ನನ್ನ ಬಾಗಿಲಲ್ಲಿ ಇರುವುದಿಲ್ಲ. ಅದರ ನೀರನ್ನು ಚೆಲ್ಲಿಲ್ಲ, ಕುಡಿದೂ ಇಲ್ಲ, ಮೇಲೆ ತಟ್ಟೆ ಮುಚ್ಚಿದ್ದೇನೆ. ಹಿಂದಂಚೆಗೆ ನಾನು ಕೊಟ್ಟ ಮೊದಲ ಕಾಗದವಲ್ಲ ಇದು. ದಿನಾ ಬೆಳಿಗ್ಗೆ ಎದ್ದ ಕೂಡಲೇ, ಕೊಡ ಅಲ್ಲಿಂದ ಹೋಗಿದೆಯೇ ಎಂದು ಬಾಗಿಲು ತೆರೆದು ನೋಡುತ್ತೇನೆ.

ಇವತ್ತೂ ಅಲ್ಲೇ ಇದೆ.