ಸೀಟಿ ಕೇಳಿಸದ ರೇಸು

ದಿಲ್‌ಸುಖ್‌ನಗರ, ಹೈದರಾಬಾದ್
ಸೋಮವಾರ

ಅಪ್ಪನಿಗೆ ಸುಮಂಗಲಾಳ ನಮಸ್ಕಾರ.

ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿದರೆಂದು ಅವ್ವ ಹೇಳಿದಳು. ಔಷಧದ ಹನಿ ತಪ್ಪಿಸಬೇಡಿ. ಫೋನಿನಲ್ಲಿ ನೀವು ನನ್ನ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವ್ವನಿಂದ ಓದಿಸಿಕೊಳ್ಳಿ.

ಮೊನ್ನೆ ಇಲ್ಲಿನ ಸೈಕಲ್ ಟ್ರ್ಯಾಕಿನಲ್ಲಿ ನನಗೆ ಚಿನ್ನ ಬಂತು. ಮೂವತ್ತಾರನೇ ವಯಸ್ಸಿನಲ್ಲಿ ರಾಷ್ಟ್ರೀಯ ಚಾಂಪಿಯನ್! ನೀವು ಕಲಿಸಿದಂತೆ ಮುಂದಿನವಳ ಚಕ್ರಕ್ಕೆ ಅಂಟಿಕೊಂಡು ಗಾಳಿಯ ಮರೆಯಲ್ಲೇ ಇದ್ದೆ. ಕೊನೆಯ ಸುತ್ತಿನ ಗಂಟೆಗೆ ಮೊದಲೇ ಕಾಲುಗಳು ಈಗಲೇ ನುಗ್ಗು ಎಂದವು. ಗ್ಯಾಲರಿಯಲ್ಲಿ ನೀವಿರಲಿಲ್ಲ. ನಿಮ್ಮ ಸೀಟಿಯ ಸದ್ದಿಗೆ ಕಾಯುವ ಹಾಗಿರಲಿಲ್ಲ. ನುಗ್ಗಿದೆ. ಯಾರೂ ಹತ್ತಿರ ಬರಲಿಲ್ಲ.

"ನಾ ಸೀಟಿ ಊದೂತನಕ ಮುಂದ ಹೋಗಬ್ಯಾಡ ಯವ್ವಾ" ಎನ್ನುತ್ತಿದ್ದಿರಿ. ಪರಮೇಶಣ್ಣ ಅವಸರ ಮಾಡಿ ಟ್ರ್ಯಾಕಿನಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ನಿಮ್ಮ ಸೀಟಿ ಪ್ರತಿ ಸಲವೂ ತಡವಾಗಿಯೇ ಬಂತು. ನಾನೂ ಕಾದೆ. ಮನೆಯ ಗೋಡೆಯ ತುಂಬ ಬೆಳ್ಳಿ ಪದಕಗಳಿವೆ. ನಾನು ಒಮ್ಮೆಯೂ ಬೀಳಲಿಲ್ಲ, ಅದೂ ನಿಜ.

ಭಾರತ ತಂಡಕ್ಕೆ ನನ್ನ ವಯಸ್ಸು ಮೀರಿತಂತೆ. ಆ ಮಾತು ಬಿಡಿ.

ಮುಂದಿನ ತಿಂಗಳು ಪರಮೇಶಣ್ಣನ ಮಗಳು ಗಂಗಾಳ ಮೊದಲ ರೇಸು ಇದೇ ಟ್ರ್ಯಾಕಿನಲ್ಲಿದೆ. ನೀವೇ ಕಲಿಸಿದ ಮೊಮ್ಮಗಳು, ಜೊತೆಗೆ ನೀವೂ ಬನ್ನಿ. ನಮ್ಮ ಮನೆಯಲ್ಲೇ ಇಳಿದುಕೊಳ್ಳಿ. ಕಪ್ಪು ಕನ್ನಡಕ, ಔಷಧ ಮರೆಯದೆ ತನ್ನಿ.

ಸೀಟಿಯನ್ನು ಮಾತ್ರ ಊರಲ್ಲೇ ಬಿಟ್ಟು ಬನ್ನಿ.

ನಿಮ್ಮ ಮಗಳು,
ಸುಮಂಗಲಾ